ಎರಡೂವರೆ ಎಕರೆ 2.2 ಆದದ್ದು ಹೇಗೆ

ಎಕ್ಸೆಲ್ ತೆರೆದು ಒಂದು ಕೋಶದಲ್ಲಿ 2.20 ಎಂದು ಬರೆದು ಎಂಟರ್ ಒತ್ತಿದರೆ ಉಳಿಯುವುದು 2.2. ಕೊನೆಯ ಸೊನ್ನೆ ಮಾಯ. ಗಣಿತದ ಮೇಷ್ಟ್ರು ಇದರಲ್ಲಿ ತಪ್ಪು ಹುಡುಕುವುದಿಲ್ಲ, ದಶಮಾಂಶದ ಕೊನೆಯಲ್ಲಿ ಬರುವ ಸೊನ್ನೆಗೆ ಬೆಲೆಯಿಲ್ಲ ಎಂದು ಅವರೇ ಕಲಿಸಿದ್ದು. ಆದರೆ ಗದಗ ಜಿಲ್ಲೆ ನರಗುಂದ ತಾಲ್ಲೂಕಿನ ಶಿರೋಳದಲ್ಲಿ ಉತಾರ (ಪಹಣಿ) ಹಿಡಿದು ನಿಂತ ರೈತನಿಗೆ 2.20 ಎಂದರೆ ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. 2.2 ಎಂದರೆ ಎರಡು ಎಕರೆ ಎರಡು ಗುಂಟೆ. ಒಂದು ಸೊನ್ನೆಯ ಬೆನ್ನಿಗೆ ಹದಿನೆಂಟು ಗುಂಟೆ ಎರೆಹೊಲ ಹೋಯಿತು.

ಹೊಲ ಎಲ್ಲಿಗೂ ಹೋಗಿಲ್ಲ ನಿಜ. ಹೋದದ್ದು ಪಟ್ಟಿಯಲ್ಲಿ. ಆದರೆ ಬೆಳೆ ಪರಿಹಾರ, ವಿಮೆ, ಸಾಲ, ಬೀಜ-ಗೊಬ್ಬರ ಎಲ್ಲವೂ ಪಟ್ಟಿ ನೋಡಿಕೊಂಡೇ ಬರುವಾಗ ಪಟ್ಟಿಯಲ್ಲಿ ಹೋದದ್ದನ್ನು ಹೋಗಲಿಲ್ಲ ಅನ್ನುವುದು ಕಷ್ಟ.

ಗುಂಟೆಯ ಲೆಕ್ಕ ಮುಂಬೈ ಪ್ರಾಂತ್ಯದ ಮೋಜಣಿಯ ಕಾಲದಿಂದ ಈ ಭಾಗದ ಜನರ ಬಾಯಲ್ಲಿದೆ. 33 ಅಡಿ ಉದ್ದ, 33 ಅಡಿ ಅಗಲದ ಜಾಗ ಒಂದು ಗುಂಟೆ. ನಲವತ್ತು ಗುಂಟೆ ಸೇರಿದರೆ ಎಕರೆ, ಒಂದು ಗುಂಟೆಗೆ ಹದಿನಾರು ಆಣೆ. ಹತ್ತರ ಲೆಕ್ಕ ಇದರಲ್ಲಿ ಎಲ್ಲಿಯೂ ಇಲ್ಲ. ಹಾಗಾಗಿ ಎಕರೆಗೂ ಗುಂಟೆಗೂ ನಡುವೆ ಇಡುವ ಚುಕ್ಕಿ ದಶಮಾಂಶದ ಬಿಂದುವೇ ಅಲ್ಲ, ಎರಡು ಅಂಕಿಗಳನ್ನು ಬೇರೆ ಮಾಡುವ ಗೆರೆ ಅಷ್ಟೇ. ಕ್ರಿಕೆಟ್ ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: 19.3 ಓವರ್ ಎಂದರೆ ಹತ್ತೊಂಬತ್ತೂವರೆ ಓವರ್. ಅದನ್ನು 19.3 ಎಂದೇ ಹಿಡಿದು ರನ್ ರೇಟ್ ಭಾಗಿಸಿದರೆ ಉತ್ತರ ತಪ್ಪುತ್ತದೆ.

ಕರ್ನಾಟಕ 2000ದ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ಪಹಣಿಗಳನ್ನು ಗಣಕಕ್ಕೆ ಏರಿಸಿದಾಗ ಎರಡು ಕೋಟಿಯಷ್ಟು ದಾಖಲೆಗಳು ಕೈಬರಹದಿಂದ ಮುದ್ರಣಕ್ಕೆ ಬಂದವು. ಅಲ್ಲಿ ವಿಸ್ತೀರ್ಣ ಎಕರೆ, ಗುಂಟೆ, ಆಣೆ ಎಂದು ಮೂರು ಭಾಗವಾಗಿಯೇ ಇರುತ್ತದೆ. 2.20.00 ಎಂದೋ 2-20-00 ಎಂದೋ ಬರೆದದ್ದನ್ನು ಯಾರೂ ದಶಮಾಂಶ ಎಂದು ಓದಲಾರರು. ತಾಪತ್ರಯ ಶುರುವಾಗುವುದು ಆ ಅಂಕಿಯನ್ನು ಉತಾರದಿಂದ ಎತ್ತಿ ಇನ್ನೊಂದು ಪಟ್ಟಿಗೆ, ಅಂದರೆ ಯಾರೋ ಯಾವುದೋ ತುರ್ತಿಗೆ ಕೇಳಿದ ಎಕ್ಸೆಲ್ ಹಾಳೆಗೆ, ಇಳಿಸುವಾಗ.

ಇಳಿಸುವ ಹುಡುಗ ಮೊದಲು ಇದ್ದದ್ದನ್ನು ಇದ್ದ ಹಾಗೆ 2.20.00 ಎಂದೇ ಬರೆಯುತ್ತಾನೆ. ಎರಡು ಚುಕ್ಕಿ ಇರುವ ಸಂಖ್ಯೆ ಎಕ್ಸೆಲ್‌ಗೆ ಗೊತ್ತಿಲ್ಲ. ಅದು ಅದನ್ನು ಅಕ್ಷರ ಎಂದುಕೊಂಡು ಕೋಶದ ಎಡಕ್ಕೆ ಅಂಟಿಸುತ್ತದೆ. ಕೆಳಗೆ ಮೊತ್ತ ಹಾಕಿದರೆ ಸೊನ್ನೆ ಬರುತ್ತದೆ, ಯಾಕೆಂದರೆ ಅಕ್ಷರಗಳನ್ನು ಮೊತ್ತದ ಸೂತ್ರ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸರಿ, ಚುಕ್ಕಿಯ ಬದಲು ಅಡ್ಡಗೆರೆ ಹಾಕೋಣ ಎಂದು 2-10-00 ಎಂದು ಬರೆದರೆ ಇನ್ನೂ ಮಜಾ. ಭಾರತದ ಕ್ರಮಕ್ಕೆ ಹೊಂದಿಸಿದ ಕಂಪ್ಯೂಟರಿನಲ್ಲಿ ಎರಡು ಎಕರೆ ಹತ್ತು ಗುಂಟೆ ಎನ್ನುವುದು 2000ದ ಅಕ್ಟೋಬರ್ 2 ಆಗಿ, ಗಾಂಧಿ ಜಯಂತಿಯಾಗಿ ನಿಲ್ಲುತ್ತದೆ. ಅಮೆರಿಕದ ಕ್ರಮದಲ್ಲೇ ಉಳಿದ ಕಂಪ್ಯೂಟರಿನಲ್ಲಿ 2-20-00 ಎಂಬುದು ಫೆಬ್ರುವರಿ 20 ಆಗುತ್ತದೆ. ಬೇಸತ್ತ ಹುಡುಗ ಕೊನೆಗೆ ಆಣೆಯ ಎರಡು ಸೊನ್ನೆ ಕಿತ್ತು 2.20 ಎನ್ನುತ್ತಾನೆ. ಅಂಕಿ ಬಲಕ್ಕೆ ಸರಿಯುತ್ತದೆ, ಮೊತ್ತವೂ ಬರುತ್ತದೆ. ಯಂತ್ರ ಒಪ್ಪಿತು ಎಂದಮೇಲೆ ಸರಿಯೇ ಇರಬೇಕು!

ಸರಿ ಇರುವುದಿಲ್ಲ. 2.20 ಮತ್ತು 1.30 ಕೂಡಿದರೆ ಎಕ್ಸೆಲ್ 3.5 ಎನ್ನುತ್ತದೆ. ಓದುವವನಿಗೆ ಅದು ಮೂರು ಎಕರೆ ಐದು ಗುಂಟೆ. ಹೊಲದಲ್ಲಿ ಇರುವುದು ನಾಲ್ಕು ಎಕರೆ ಹತ್ತು ಗುಂಟೆ. ಇದಕ್ಕಿಂತ ಅಪಾಯದ ಉದಾಹರಣೆ 2.10 ಮತ್ತು 1.15. ಇವುಗಳ ಮೊತ್ತ 3.25, ಎರಡೂ ಲೆಕ್ಕದಲ್ಲಿ ಸರಿಯೇ. ಗುಂಟೆಗಳ ಮೊತ್ತ ನಲವತ್ತು ದಾಟದೆ, ಕೊನೆಯಲ್ಲಿ ಸೊನ್ನೆಯೂ ಬಾರದೆ ಇದ್ದಾಗಲೆಲ್ಲ ಹಾಳೆ ಸರಿಯುತ್ತರ ಕೊಡುತ್ತದೆ. ಮೊದಲ ನಾಲ್ಕು ಸಾಲು ತಾಳೆ ನೋಡಿ ಸಮಾಧಾನಪಟ್ಟವರು ಐದನೆಯದನ್ನು ನೋಡುವುದಿಲ್ಲ. ಯಾವಾಗಲೂ ತಪ್ಪುವ ಲೆಕ್ಕವನ್ನು ಹಿಡಿಯುವುದು ಸುಲಭ, ಆಗೊಮ್ಮೆ ಈಗೊಮ್ಮೆ ತಪ್ಪುವುದನ್ನು ಹಿಡಿಯುವುದೇ ಕಷ್ಟ.

ಝೆರಾಕ್ಸ್ ಅಂಗಡಿಯ ಕಟ್ಟೆಯ ಮೇಲೆ ನಡೆಯುವ ಮಾತು ಹೀಗಿರುತ್ತದೆ ಎಂದುಕೊಳ್ಳಿ. “ತಮ್ಮಾ, ನನ್ನ ಹೊಲ ಎರಡೂವರಿ ಎಕರೆ ಐತಿ. ಇದರಾಗ ಎರಡು ಎಕರೆ ಎರಡು ಗುಂಟೆ ಅಂತ ಬಂದೈತಲ್ಲೋ?” “ನಾ ಬರೋಬ್ಬರಿನ ಹೊಡದೀನ್ರಿ ಕಾಕಾ, ಕಂಪ್ಯೂಟರ್ ತಾನ ಹಂಗ ಮಾಡೇತಿ.” ನಾಡಿನ ಕಚೇರಿಗಳಲ್ಲಿ ದಿನವೂ ಕೇಳುವ ಈ ಉತ್ತರಕ್ಕೆ ಜನ ನಗುತ್ತಾರೆ, ಮೇಲಿನವರು ರೇಗುತ್ತಾರೆ. ಇಲ್ಲಿ ಮಾತ್ರ ಹುಡುಗ ಹೇಳಿದ್ದು ನೂರಕ್ಕೆ ನೂರು ನಿಜ.

ದುಡ್ಡಿಗೆ ಬಂದರೆ ಇದರ ಏಟು ತಿಳಿಯುತ್ತದೆ. ವಿಪತ್ತು ಪರಿಹಾರಕ್ಕೆ 2022–26ರ ಅವಧಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ದರ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿ ಬೆಳೆಗೆ 17,000. ದರ ಹೆಕ್ಟೇರಿನಲ್ಲಿ, ಉತಾರ ಎಕರೆ-ಗುಂಟೆಯಲ್ಲಿ. ಎರಡೂವರೆ ಎಕರೆ ಕಡಲೆ ಹೋದ ರೈತನ ಹೊಲ 1.01 ಹೆಕ್ಟೇರ್, ಪರಿಹಾರ ಸುಮಾರು 8,600 ರೂಪಾಯಿ. ಹಾಳೆಯಲ್ಲಿನ 2.20ನ್ನು ದಶಮಾಂಶ ಎಕರೆ ಎಂದೇ ಹಿಡಿದು ಪರಿವರ್ತಿಸಿದರೆ ಅದು 0.89 ಹೆಕ್ಟೇರ್ ಆಗಿ ಸುಮಾರು 7,570 ರೂಪಾಯಿಗೆ ಇಳಿಯುತ್ತದೆ. 2.2 ನೋಡಿ ಎರಡು ಎಕರೆ ಎರಡು ಗುಂಟೆ ಎಂದುಕೊಂಡರೆ ಸುಮಾರು 7,050. ಒಂದೇ ಹೊಲಕ್ಕೆ ಮೂರು ಮೊತ್ತ. ಇದರಲ್ಲಿ ಯಾರೂ ಲಂಚ ತಿಂದಿಲ್ಲ, ಯಾರೂ ಅಂಕಿ ತಿದ್ದಿಲ್ಲ.

ಮಲಪ್ರಭಾ ಅಚ್ಚುಕಟ್ಟಿನ ಜಮೀನುಗಳ ಮೇಲೆ ಎಕರೆ ಲೆಕ್ಕದಲ್ಲಿ ಹೇರಿದ ಅಭಿವೃದ್ಧಿ ಕರದ ವಿರುದ್ಧ 1980ರ ಜುಲೈನಲ್ಲಿ ನರಗುಂದ-ನವಲಗುಂದದ ರೈತರು ಬೀದಿಗಿಳಿದದ್ದನ್ನು ಕರ್ನಾಟಕ ಮರೆತಿಲ್ಲ. ಜಮೀನಿನ ಕಾಗದದ ಮೇಲಿನ ಅಂಕಿಗೆ ಎಷ್ಟು ತೂಕ ಎಂಬುದು ಈ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ.

ವಿಸ್ತೀರ್ಣದ ಪಾಡು ಇದಾದರೆ ಸರ್ವೆ ನಂಬರಿನ ಪಾಡು ಬೇರೆ. ರಿ.ಸ.ನಂ. 12/3 ಎಂದು ಬರೆದರೆ ಎಕ್ಸೆಲ್ ಅದನ್ನು ಮಾರ್ಚ್ 12 ಮಾಡುತ್ತದೆ. ಗಾಬರಿಯಾಗಿ ಕೋಶದ ರೂಪವನ್ನು ‘ಜನರಲ್’ ಎಂದು ಬದಲಿಸಿದರೆ 45728 ಎಂಬ ಅಂಕಿ ಎದ್ದು ಬರುತ್ತದೆ. 2025ರಲ್ಲಿ ಬರೆದಿದ್ದರೆ ಬರುವ ಅಂಕಿ ಇದು, ಮರುವರ್ಷ ಬರೆದರೆ ಬೇರೆ. 1900ರ ಆರಂಭದಿಂದ ಎಣಿಸಿದ ದಿನಗಳ ಸಂಖ್ಯೆ ಅದು. ಅಲ್ಲಿಗೆ 12/3 ಎಂಬ ಮೂಲ ಬರಹದ ಕುರುಹು ಕಡತದಲ್ಲಿ ಎಲ್ಲಿಯೂ ಇಲ್ಲ. ಬರೀ ವೇಷ ಬದಲಾಗಿದ್ದರೆ ಮರಳಿ ತರಬಹುದಿತ್ತು, ಇಲ್ಲಿ ಒಳಗಿನ ಬೆಲೆಯೇ ಬದಲಾಗಿದೆ. ಬ್ಯಾಂಕ್ ಖಾತೆಯ ಮುಂದಿನ ಸೊನ್ನೆಗಳು ಉದುರುವುದು, ಹದಿನೈದು ಅಂಕಿಗಿಂತ ಉದ್ದದ ಸಂಖ್ಯೆಯ ಬಾಲ ಸೊನ್ನೆಯಾಗುವುದು ಇದೇ ಜಾತಿಯ ಕಾಯಿಲೆ.

ಆಪರೇಟರುಗಳಿಗೆ ತರಬೇತಿ ಕೊಟ್ಟರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. ಅವರು ಜೀವವಿಜ್ಞಾನಿಗಳ ಕಥೆ ಕೇಳಬೇಕು. ಮನುಷ್ಯನ ಜೀನುಗಳಲ್ಲಿ ಕೆಲವಕ್ಕೆ ಮಾರ್ಚ್1, ಸೆಪ್ಟ್1 ಎಂಬಂಥ ಗುರುತುಗಳಿದ್ದವು. ಎಕ್ಸೆಲ್ ಅವನ್ನು ಕಂಡಲ್ಲೆಲ್ಲ ತಾರೀಕು ಮಾಡಿತು. ಜೀನುಗಳ ಪಟ್ಟಿಯನ್ನು ಎಕ್ಸೆಲ್ ಕಡತವಾಗಿ ಲಗತ್ತಿಸಿದ ಸಂಶೋಧನಾ ಪ್ರಬಂಧಗಳಲ್ಲಿ ಸುಮಾರು ಐದರಲ್ಲೊಂದರಲ್ಲಿ ಈ ತಪ್ಪಿದೆ ಎಂದು 2016ರ ಅಧ್ಯಯನವೊಂದು ತೋರಿಸಿತು. ಪಿಎಚ್.ಡಿ. ಮಾಡಿದವರ ಪಟ್ಟಿಗಳ ಗತಿ ಅದು. ಕೊನೆಗೆ ಜೀನುಗಳಿಗೆ ಹೆಸರಿಡುವ ಸಮಿತಿ ಸೋತು, 2020ರಲ್ಲಿ ಹೊಸ ಮಾರ್ಗಸೂಚಿ ಹೊರಡಿಸಿ ಆ ಜೀನುಗಳ ಗುರುತನ್ನೇ ಬದಲಿಸಿತು. ವಿಜ್ಞಾನಿಗಳಿಗೆ ಆ ಅನುಕೂಲವಿತ್ತು. ತಂತ್ರಾಂಶಕ್ಕೆ ಹಿಡಿಸಲಿಲ್ಲವೆಂದು ಶಿರೋಳದ ರೈತ ತನ್ನ ಸರ್ವೆ ನಂಬರ್ ಬದಲಿಸಿಕೊಳ್ಳಲಾರ.

ಆದ್ದರಿಂದ ವಾದ ನೇರವಾದದ್ದು. ಪರದೆಯ ಮೇಲೆ ಅಂಕಿ ಹೇಗೆ ಕಾಣುತ್ತದೆ ಎಂಬುದನ್ನು ತಂತ್ರಾಂಶ ಮಾಡುವವರು ಅಲಂಕಾರದ ಕೆಲಸ ಎಂದುಕೊಂಡಿದ್ದಾರೆ, ಕೊನೆಯ ವಾರಕ್ಕೆ ತಳ್ಳುತ್ತಾರೆ. ಜನ ತೀರ್ಮಾನ ಮಾಡುವುದು ಕಾಣುವ ಅಂಕಿಯನ್ನು ನೋಡಿ. ಒಳಗೆ ಕೂತ ಬೆಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗಿರುವಾಗ ಅಂಕಿ ತಪ್ಪಾಗಿ ಕಂಡರೆ ಅದು ತಂತ್ರಾಂಶದ ದೋಷ ಎಂದೇ ದಾಖಲಾಗಬೇಕು, ‘ಡೇಟಾ ಎಂಟ್ರಿ ತಪ್ಪು’ ಎಂದಲ್ಲ.

ಕಾಣುವ ಅಂಕಿಯೇ ಮೋಸ ಮಾಡಿದ ಉದಾಹರಣೆಗಳು ಹೊರಗೂ ಇವೆ. ಜರ್ಮನಿಯ ಶ್ಲೆಸ್ವಿಗ್-ಹೋಲ್ಸ್ಟೈನ್ ರಾಜ್ಯದಲ್ಲಿ 1992ರ ಏಪ್ರಿಲ್ 5ರಂದು ಚುನಾವಣೆ ನಡೆಯಿತು. ಶೇ 5ರಷ್ಟು ಮತ ಬಾರದ ಪಕ್ಷಕ್ಕೆ ಅಲ್ಲಿ ಸೀಟಿಲ್ಲ. ಗ್ರೀನ್ ಪಕ್ಷಕ್ಕೆ ಶೇ 5.0 ಬಂದಿದೆ ಎಂದು ಫಲಿತಾಂಶದ ಹಾಳೆ ಹೇಳಿತು, ಪಕ್ಷ ಶಾಸನಸಭೆಗೆ ಬಂದಂತಾಯಿತು. ಆಮೇಲೆ ನೋಡಿದರೆ ಬಂದದ್ದು ಶೇ 4.97. ಮುದ್ರಿಸುವ ಪ್ರೋಗ್ರಾಂ ಒಂದೇ ದಶಮಾಂಶ ಸ್ಥಾನಕ್ಕೆ ಅಂಕಿಯನ್ನು ದುಂಡಾಗಿಸುತ್ತಿತ್ತು. ಲೆಕ್ಕ ಸರಿಯಾಗಿಯೇ ಇತ್ತು, ತೋರಿಸಿದ ರೀತಿಯಲ್ಲಿ ಎಡವಟ್ಟಾಗಿತ್ತು. ತಪ್ಪು ತಿದ್ದಿದ ಮೇಲೆ ಸೋಷಿಯಲ್ ಡೆಮಾಕ್ರಟಿಕ್ ಪಕ್ಷಕ್ಕೆ ಒಂದು ಸೀಟಿನ ಬಹುಮತ ಸಿಕ್ಕಿತು.

ಎಕ್ಸೆಲ್ಲೇ 2007ರಲ್ಲಿ ಇದಕ್ಕಿಂತ ಶುದ್ಧವಾದ ಉದಾಹರಣೆ ಒದಗಿಸಿತು. 850ನ್ನು 77.1ರಿಂದ ಗುಣಿಸಿದರೆ 65,535. ಹೊಸ ಆವೃತ್ತಿ ಅದನ್ನು 1,00,000 ಎಂದು ತೋರಿಸಿತು. ಒಳಗಿನ ಬೆಲೆ ಸರಿ ಇತ್ತು, ಆ ಕೋಶವನ್ನು ಎರಡರಿಂದ ಗುಣಿಸಿದರೆ ಸರಿಯುತ್ತರವೇ ಬರುತ್ತಿತ್ತು. ಕೇವಲ ಹನ್ನೆರಡು ವಿಶೇಷ ಬೆಲೆಗಳಿಗೆ ಮಾತ್ರ ತೋರಿಸುವ ಭಾಗ ಕೈಕೊಡುತ್ತಿತ್ತು ಎಂದು ಮೈಕ್ರೊಸಾಫ್ಟ್ ಒಪ್ಪಿ ತಿದ್ದುಪಡಿ ಕಳಿಸಿತು. ವ್ಯಾಂಕೂವರ್ ಷೇರುಪೇಟೆಯ ಕಥೆ ಇದರ ತಿರುವುಮುರುವು. ಅಲ್ಲಿ 1982ರಲ್ಲಿ 1000ದಿಂದ ಶುರುವಾದ ಸೂಚ್ಯಂಕವನ್ನು ಪ್ರತಿ ಸಲವೂ ಮೂರು ದಶಮಾಂಶಕ್ಕೆ ಕತ್ತರಿಸಿ, ಕತ್ತರಿಸಿದ್ದನ್ನೇ ಮುಂದಿನ ಲೆಕ್ಕಕ್ಕೆ ಬಳಸಿದರು. ತೋರಿಸಲು ಮಾಡಿದ ರೂಪ ಲೆಕ್ಕದ ಒಳಗೆ ನುಗ್ಗಿತು. 1983ರ ನವೆಂಬರಿನಲ್ಲಿ 524ರ ಆಸುಪಾಸಿನಲ್ಲಿದ್ದ ಸೂಚ್ಯಂಕ, ಸರಿಯಾಗಿ ಲೆಕ್ಕ ಹಾಕಿದಾಗ 1,098 ದಾಟಿತ್ತು.

ಶಾಲೆಯ ಗಣಿತಕ್ಕೂ ಈ ರಗಳೆ ಬಂದು ತಲುಪಿದೆ. ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ಶುರುಮಾಡಿದ ಜಿಯೊಜಿಬ್ರಾ ಎಂಬ ಗಣಿತದ ತಂತ್ರಾಂಶ ಪುಕ್ಕಟೆ ಸಿಗುವುದರಿಂದ ಸ್ಮಾರ್ಟ್ ಬೋರ್ಡ್ ಇರುವ ಹೈಸ್ಕೂಲುಗಳಲ್ಲಿ ಬಳಸುವವರು ಹೆಚ್ಚುತ್ತಿದ್ದಾರೆ. ತ್ರಿಭುಜದ ಮೂಲೆ ಹಿಡಿದು ಎಳೆದರೆ ಕೋನಗಳ ಅಂಕಿಗಳು ಕಣ್ಣೆದುರೇ ಬದಲಾಗುತ್ತವೆ, ಮಕ್ಕಳಿಗೆ ಖುಷಿ. ಅದು ಎರಡು ದಶಮಾಂಶ ಸ್ಥಾನ ಮಾತ್ರ ತೋರಿಸುವಂತೆ ಹೊಂದಿಸಿ ಬಂದಿರುತ್ತದೆ. 50.33, 60.33, 69.33 ಎಂದು ಬರೆದುಕೊಂಡ ಚುರುಕು ಹುಡುಗಿ ಕೂಡಿ ನೋಡಿ, “ಸರ್, 179.99 ಬರಾಕತ್ತೈತ್ರಿ” ಎಂದರೆ ಆಕೆಯ ಲೆಕ್ಕ ತಪ್ಪಲ್ಲ. ಒಳಗೆ 50.334, 60.334, 69.332 ಇವೆ, ಕೂಡಿದರೆ ಸರಿಯಾಗಿ 180. ಸೆಟ್ಟಿಂಗ್ಸಿನಲ್ಲಿ ದಶಮಾಂಶ ಸ್ಥಾನಗಳನ್ನು ಮೂರೋ ಐದೋ ಮಾಡಿ ತೋರಿಸಿದರೆ ಗೊಂದಲ ಕರಗುತ್ತದೆ, ದುಂಡಾಗಿಸುವುದು ಎಂದರೇನು ಎಂಬ ಪಾಠವೂ ಆಗುತ್ತದೆ. ಒಳ್ಳೆಯ ಮೇಷ್ಟ್ರಾದರೆ ಸೆಟ್ಟಿಂಗ್ ಮುಟ್ಟುವ ಮೊದಲು ಆ ಹುಡುಗಿಗೆ ಶಾಭಾಸ್ ಹೇಳುತ್ತಾರೆ.

ಕಾಲೇಜಿನ ಹುಡುಗರು ತಾವೇ ಕೋಡ್ ಬರೆದು, ಎಳೆದರೆ ಬೆಲೆ ಬದಲಾಗುವ ಸ್ಲೈಡರ್ ಮಾಡಿದಾಗ ಇನ್ನೊಂದು ಮುಳ್ಳು ಚುಚ್ಚುತ್ತದೆ. 0.1ನ್ನು ಮೂರು ಸಲ ಕೂಡಿದರೆ ಪೈಥಾನ್, ಜಾವಾಸ್ಕ್ರಿಪ್ಟ್ ಎರಡೂ 0.30000000000000004 ಎನ್ನುತ್ತವೆ. 1985ರಲ್ಲಿ ಗೊತ್ತಾದ ಮಾನಕದಂತೆ ಗಣಕಗಳು ಸಂಖ್ಯೆಯನ್ನು ಎರಡರ ಘಾತಗಳಲ್ಲಿ ಇಡುತ್ತವೆ. ನಮ್ಮ ದಶಮಾಂಶದಲ್ಲಿ ಮೂರನೇ ಒಂದು ಭಾಗ ಹೇಗೆ ಮುಗಿಯುವುದಿಲ್ಲವೋ, ಅಲ್ಲಿ ಹತ್ತನೇ ಒಂದು ಭಾಗ ಮುಗಿಯುವುದಿಲ್ಲ. ಅಸಹ್ಯವಾಗಿ ಕಾಣುತ್ತದೆಂದು ಒಂದೇ ದಶಮಾಂಶ ತೋರಿಸುವಂತೆ ಮಾಡಿದರೆ ಪರದೆಯಲ್ಲಿ ಅಚ್ಚುಕಟ್ಟಾಗಿ 0.3 ಬರುತ್ತದೆ. ಆದರೆ ‘ಬೆಲೆ 0.3 ಆದಾಗ ಈ ಬಿಂದು ಕೆಂಪಾಗಲಿ’ ಎಂದು ಬರೆದ ನಿಯಮ ಕೆಲಸ ಮಾಡುವುದಿಲ್ಲ. ಕಣ್ಣಿಗೆ ಸಮ, ಗಣಕಕ್ಕೆ ಸಮವಲ್ಲ. ಮೊದಲು ಅಷ್ಟೂ ಅಂಕಿಗಳನ್ನು ಹೊರಗೆಳೆದು ನೋಡಿದರೆ ಅರ್ಧ ತಾಸಿನ ತಲೆಬಿಸಿ ತಪ್ಪುತ್ತದೆ.

ಮ್ಯಾಥಮ್ಯಾಟಿಕಾ ಎಂಬ ಗಣಿತದ ತಂತ್ರಾಂಶ ಬಳಸುವವರು ಇದನ್ನೇ ಮತ್ತೊಂದು ತುದಿಯಿಂದ ಎಡವುತ್ತಾರೆ. 2007ರ ಆರನೇ ಆವೃತ್ತಿಯಲ್ಲಿ ಸ್ಲೈಡರ್ ಎಳೆದಾಡಿ ಲೆಕ್ಕ ನೋಡುವ ಸೌಲಭ್ಯ ಬಂತು. ಅಂಕಿ 9.9ರಿಂದ 10ಕ್ಕೆ ಹೋಗುವಾಗ ಅಗಲ ಬದಲಾಗಿ ಪಕ್ಕದ ಬರಹ ಕುಣಿಯುತ್ತದೆಂದು ಅದಕ್ಕೆ ಇಷ್ಟೇ ಸ್ಥಾನ ಎಂಬ ರೂಪ ಕೊಡುತ್ತಾರೆ. ಆ ರೂಪ ಕೊಟ್ಟ ಅಂಕಿಯನ್ನೇ ಚರಾಕ್ಷರದಲ್ಲಿ ಇಟ್ಟುಕೊಂಡರೆ ಮುಂದಿನ ಕೂಡುವಿಕೆ ನಡೆಯುವುದಿಲ್ಲ. ಅಲ್ಲಿ ಸಂಖ್ಯೆಯ ಬದಲು ಸಂಖ್ಯೆಯ ಚಿತ್ರ ಕೂತಿರುತ್ತದೆ. ಲೆಕ್ಕ ಬೇರೆ ಸಾಲಿನಲ್ಲಿ ಮುಗಿಸಿ, ಪರದೆಗೆ ಹೋಗುವ ಕೊನೆಯ ಹೆಜ್ಜೆಯಲ್ಲಿ ಮಾತ್ರ ರೂಪ ಕೊಡಬೇಕು. ವ್ಯಾಂಕೂವರಿನವರು ಮಾಡದೆ ಬಿಟ್ಟದ್ದು ಇದನ್ನೇ.

ಕನ್ನಡದ ಅಂಕಿಗಳ ವಿಷಯದಲ್ಲಿ ನಮ್ಮವರೇ ಇದನ್ನು ಸರಿಯಾಗಿ ಮಾಡಿದ ಒಂದು ನಿದರ್ಶನವಿದೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳು ಇ ಮತ್ತು ಕೆ ಎಂದು ಎರಡು ಬಗೆಯಲ್ಲಿ ಬಂದವು. ಒಂದರಲ್ಲಿ 1, 2, 3 ಕಾಣುತ್ತದೆ, ಇನ್ನೊಂದರಲ್ಲಿ ೧, ೨, ೩. ಒಳಗೆ ಕೂತ ಅಂಕಿ ಒಂದೇ, ಫಾಂಟ್ ಬದಲಿಸಿದರೆ ವೇಷ ಬದಲಾಗುತ್ತಿತ್ತು, ಲೆಕ್ಕಕ್ಕೆ ತೊಂದರೆಯಿರಲಿಲ್ಲ. ಯೂನಿಕೋಡ್‌ನಲ್ಲಿ ಕನ್ನಡ ಅಂಕಿಗಳಿಗೆ ಸ್ವಂತ ಜಾಗ ಸಿಕ್ಕಿತು, ಅದು ಸಿಗಬೇಕಾದದ್ದೇ. ಜೊತೆಗೆ ಹೊಸ ತಕರಾರೂ ಬಂತು. ೨೨೦ ಎಂದು ಕೊಟ್ಟರೆ ಪೈಥಾನ್ ಅದನ್ನು ಸಂಖ್ಯೆಯಾಗಿ ಓದುತ್ತದೆ, ಜಾವಾಸ್ಕ್ರಿಪ್ಟ್ ‘ಇದು ಸಂಖ್ಯೆಯಲ್ಲ’ ಎನ್ನುತ್ತದೆ. ವೆಬ್‌ಸೈಟುಗಳು ಬಹುಪಾಲು ಓಡುವುದು ಎರಡನೆಯದರ ಮೇಲೆ. ಅರ್ಜಿಯಲ್ಲಿ ಕನ್ನಡ ಅಂಕಿ ತುಂಬಿದವನಿಗೆ ‘ಸರಿಯಾದ ಸಂಖ್ಯೆ ನಮೂದಿಸಿ’ ಎಂಬ ಕೆಂಪಕ್ಷರ ಕಂಡರೆ ತಪ್ಪು ಯಾರದು? ಕನ್ನಡದಲ್ಲೇ ಅರ್ಜಿ ಕೊಡಿ ಎಂದ ಮೇಲೆ ಕನ್ನಡದ ಅಂಕಿ ಒಪ್ಪುವ ನಾಲ್ಕು ಸಾಲು ಕೋಡ್ ಬರೆಯುವುದು ದೊಡ್ಡ ಕೆಲಸವೇನಲ್ಲ.

ಲಕ್ಷ-ಕೋಟಿಯ ಅಲ್ಪವಿರಾಮದ ಗೋಳನ್ನು ಉದ್ದ ಮಾಡಬೇಕಿಲ್ಲ. ವಿಂಡೋಸಿನ ಪ್ರಾದೇಶಿಕ ಹೊಂದಿಕೆಯಲ್ಲಿ ಭಾರತ ಆರಿಸಿದರೆ 12,34,567 ಬರುತ್ತದೆ, ಅಮೆರಿಕ ಇದ್ದರೆ 1,234,567. ಅದನ್ನು ಬಿಟ್ಟು ಕೋಶಕ್ಕೊಂದು ವಿಶೇಷ ಸೂತ್ರ ಅಂಟಿಸುವ ಜಾಣತನ ಎಲ್ಲ ಕಡೆ ಹಬ್ಬಿದೆ. ಆ ಸೂತ್ರ ಋಣ ಸಂಖ್ಯೆ ಬಂದಾಕ್ಷಣ ಮತ್ತೆ ಮಿಲಿಯನ್ನಿಗೆ ಜಾರುತ್ತದೆ. ಲಾಭವೆಲ್ಲ ಲಕ್ಷದಲ್ಲಿ, ನಷ್ಟವೆಲ್ಲ ಮಿಲಿಯನ್ನಿನಲ್ಲಿ!

ಹಾಗಾದರೆ ಆಗಬೇಕಾದದ್ದು ಏನು? ಪಟ್ಟಿ ಕೇಳುವ ಇಲಾಖೆ ಖಾಲಿ ಹಾಳೆ ಕೇಳಬಾರದು, ನಮೂನೆಯನ್ನು ತಾನೇ ಕಳಿಸಬೇಕು. ಅದರಲ್ಲಿ ಎಕರೆಗೊಂದು, ಗುಂಟೆಗೊಂದು, ಆಣೆಗೊಂದು ಕಾಲಂ. ಗುಂಟೆಯ ಕಾಲಂ 39ಕ್ಕಿಂತ ಹೆಚ್ಚಿನದನ್ನು, ಆಣೆಯ ಕಾಲಂ 15ಕ್ಕಿಂತ ಹೆಚ್ಚಿನದನ್ನು ಒಪ್ಪದಂತೆ ಬೀಗ. ಮೊತ್ತವನ್ನು ಆಣೆಯಲ್ಲಿ ಹಾಕಬೇಕು: ಎರಡೂವರೆ ಎಕರೆ ಎಂದರೆ 1,600 ಆಣೆ. ಪೂರ್ಣಾಂಕದಲ್ಲಿ ಚುಕ್ಕಿಯೂ ಇಲ್ಲ, ಕೊನೆಯ ಸೊನ್ನೆ ಉದುರುವ ಭಯವೂ ಇಲ್ಲ. ಹೆಕ್ಟೇರಿಗೆ ಪರಿವರ್ತಿಸುವ ಕೆಲಸ ಸೂತ್ರದ್ದಾಗಬೇಕು, ಹುಡುಗನ ಮೊಬೈಲ್ ಕ್ಯಾಲ್ಕುಲೇಟರಿನದ್ದಲ್ಲ. ರೈತನಿಗೆ ಕೊಡುವ ಚೀಟಿಯಲ್ಲಿ ಅಂಕಿಯ ಕೆಳಗೆ ‘ಎರಡು ಎಕರೆ ಇಪ್ಪತ್ತು ಗುಂಟೆ’ ಎಂದು ಅಕ್ಷರದಲ್ಲೂ ಬರಬೇಕು. ಚೆಕ್ಕಿನಲ್ಲಿ ಮೊತ್ತವನ್ನು ಅಕ್ಷರದಲ್ಲಿ ಬರೆಸುವ ಬ್ಯಾಂಕಿನವರಿಗೆ ಅದರ ಉಪಯೋಗ ಗೊತ್ತಿದೆ.

ಸರ್ವೆ ನಂಬರಿಗೆ ಬೇರೆ ಕ್ರಮ ಬೇಕು. 2023ರಲ್ಲಿ ಮೈಕ್ರೊಸಾಫ್ಟ್ ಎಕ್ಸೆಲ್ಲಿನ ಈ ತಾನೇತಾನಾದ ಬದಲಾವಣೆಗಳನ್ನು ನಿಲ್ಲಿಸುವ ಆಯ್ಕೆಗಳನ್ನು ಕೊಟ್ಟಿತು. ಮುಂದಿನ ಸೊನ್ನೆ ಉಳಿಸಿಕೊಳ್ಳಬಹುದು, ಉದ್ದದ ಸಂಖ್ಯೆಯ ಬಾಲ ಉಳಿಸಿಕೊಳ್ಳಬಹುದು, ಅಕ್ಷರಕ್ಕೆ ಅಂಕಿ ಅಂಟಿದ ಜೀನಿನಂಥ ಹೆಸರುಗಳನ್ನೂ ಕಾಪಾಡಬಹುದು. ಓರೆಗೆರೆ ಇರುವ 12/3 ಆ ಪಟ್ಟಿಯಲ್ಲಿಲ್ಲ. ಅದಕ್ಕೆ ಈಗಲೂ ಕಾಲಂ ಆರಿಸಿ, ‘ಟೆಕ್ಸ್ಟ್’ ಮಾಡಿ, ಆಮೇಲೆ ಬರೆಯಬೇಕು. ಬರೆದು ಆಮೇಲೆ ಟೆಕ್ಸ್ಟ್ ಮಾಡಿದರೆ ಪ್ರಯೋಜನವಿಲ್ಲ. ಸಿಎಸ್‌ವಿ ಕಡತವಾಗಿ ಉಳಿಸಿ ಮರುದಿನ ಅದರ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಮಾಡಿದ್ದೆಲ್ಲ ಹೋಗಿ 12/3 ಮತ್ತೆ ಮಾರ್ಚ್ 12. ಹೋಬಳಿಯ ಸಾವಿರಾರು ಸಾಲುಗಳಿಗೆ ಇಷ್ಟನ್ನು ನೆನಪಿಟ್ಟುಕೊಂಡು ಮಾಡು ಎಂದು ದಿನಗೂಲಿಯ ಹುಡುಗನಿಗೆ ಹೇಳುವ ಬದಲು, ಆ ಕಾಲಂ ಮೊದಲೇ ಟೆಕ್ಸ್ಟ್ ಆಗಿರುವ ನಮೂನೆಯನ್ನು ಬೆಂಗಳೂರಿನಲ್ಲಿ ಒಬ್ಬರು ಒಂದೇ ಸಲ ಮಾಡಿ ಕಳಿಸಿದರೆ ಸಾಕು.